ಗೋಡೆಯಾಚೆಯ ಎಣಿಕೆ

ನಮ್ಮ ನಡುಮನೆಯ ಬಾಗಿಲಿಗೆ ಒಂದು ಕೆಟ್ಟ ಚಟವಿದೆ. ಹೊಳೆಯ ಕಡೆಯಿಂದ ತುಸು ಗಾಳಿ ಬೀಸಿದರೂ ಸಾಕು, ಸಿಟ್ಟಿಗೆದ್ದ ಬೀಗರ ಹಾಗೆ ಧಡಾರನೆ ಬಡಿದುಕೊಳ್ಳುತ್ತದೆ. ಬಡಿಗನನ್ನು ಎರಡು ಸಲ ಕರೆಸಿದೆವು. ಎರಡು ಸಲವೂ ಅವನು ಚಹಾ ಕುಡಿದು, ಬಾಗಿಲದ್ದೇನೂ ತಪ್ಪಿಲ್ಲ, ತಪ್ಪೆಲ್ಲ ಗಾಳಿಯದು ಎಂದು ಹೇಳಿ ಹೋದ. ಕೊನೆಗೆ ಒಂದು ಕರೇಲವನ್ನು ತಂದು ಬಾಗಿಲಿಗೆ ಆನಿಸಿ ಇಟ್ಟೆವು. ಕರೇಲ ಎಂದರೆ ಗರಡಿಮನೆಯಲ್ಲಿ ಪೈಲವಾನರು ಕೈಗೊಂದರಂತೆ ಹಿಡಿದು ಹೆಗಲ ಸುತ್ತ ತಿರುವುವ ಮರದ ಗದೆ. ಇದರ ಜೋಡಿ ನನ್ನ ತವರಿನಲ್ಲಿದೆ. ಅಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅದರಿಂದ ಮೆಣಸಿನಕಾಯಿ ಕುಟ್ಟುತ್ತಾಳೆ.

ಮನೆಗೆ ಬಂದವರ ಕಣ್ಣು ಮೊದಲು ಹೋಗುವುದೇ ಅದರ ಮೇಲೆ. "ಯಾರ್ರೀ ಇಲ್ಲಿ ಪೈಲವಾನ್ರು?" ಎಂದು ಕೇಳುತ್ತಾರೆ. ನಮ್ಮ ಮನೆಯವರು ಸುಮ್ಮನೆ ನನ್ನ ಕಡೆ ಬೆರಳು ತೋರಿಸುತ್ತಾರೆ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಮಾತಿನಲ್ಲಿ ಅರ್ಧ ಖರೆ ಇದೆ. ನಾನು ಗರಡಿಮನೆಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ, ಹೆಣ್ಣುಮಕ್ಕಳು ಆ ಹೊಸ್ತಿಲು ದಾಟುವಂತಿರಲಿಲ್ಲ. ಆದರೂ ಅಲ್ಲಿಗೆ ಹೋಗಿ ಬಂದ ಗಂಡಸರಿಗಿಂತ ನನಗೇ ಆ ಗರಡಿಮನೆ ಹೆಚ್ಚು ಗೊತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಹೇಗೆಂದರೆ, ಕೊಣ್ಣೂರಿನಲ್ಲಿ ನಮ್ಮಪ್ಪನೇ ಆ ಗರಡಿಯ ವಸ್ತಾದ. ಹಗಲೆಲ್ಲ ಕಬ್ಬಿನ ಹೊಲ, ನಸುಕಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುವುದು, ಇದು ಅವನ ಬಾಳು. ಗರಡಿಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಒಂದು ಮಣ್ಣಿನ ಗೋಡೆ. ಆ ಗೋಡೆ ಕಟ್ಟಿದ ಪುಣ್ಯಾತ್ಮ ಅದನ್ನು ಮಾಳಿಗೆಯ ತೊಲೆಗೆ ಮುಟ್ಟಿಸದೆ ಮೇಲೆ ಒಂದು ಗೇಣು ಹಾಗೇ ಬಿಟ್ಟಿದ್ದ. ಮಣ್ಣು ಸಾಲಲಿಲ್ಲವೋ, ಬೇಸರ ಬಂತೋ, ಯಾರಿಗೂ ತಿಳಿಯದು. ಆ ಗೇಣು ಜಾಗದಿಂದ ನಮ್ಮ ಒಗ್ಗರಣೆಯ ಘಾಟು ಅತ್ತ ಹೋಗಿ ಪೈಲವಾನರು ಸೀನುತ್ತಿದ್ದರು. ಅವರ ಎಣಿಕೆ, ಏದುಸಿರು, ತೊಡೆ ತಟ್ಟುವ ಸಪ್ಪಳ ಎಲ್ಲ ಇತ್ತ ಬಂದು ನಮ್ಮ ರೊಟ್ಟಿಯ ಜೊತೆ ಬೇಯುತ್ತಿತ್ತು.

ಆ ಗರಡಿಯ ಮಣ್ಣಿನ ಮೇಲೆ ನನಗೆ ಸಣ್ಣವಳಿದ್ದಾಗಿನಿಂದ ಹೊಟ್ಟೆಕಿಚ್ಚು. ಅದಕ್ಕೆ ವಾರಕ್ಕೊಮ್ಮೆ ಮಜ್ಜಿಗೆ, ಒಳ್ಳೆಣ್ಣೆ, ಅರಿಶಿಣ, ಲಿಂಬೆಹಣ್ಣಿನ ರಸ. ಮಜ್ಜಿಗೆಯ ಗಡಿಗೆಯನ್ನು ಅಪ್ಪ ನಮ್ಮ ಕಣ್ಣೆದುರೇ ಎತ್ತಿಕೊಂಡು ಹೋಗಿ ಮಣ್ಣಿಗೆ ಸುರಿಯುತ್ತಿದ್ದ. ನಾವು ಮಕ್ಕಳು ಒಣರೊಟ್ಟಿಗೆ ಖಾರ ಹಚ್ಚಿಕೊಂಡು ನೋಡುತ್ತಿದ್ದೆವು. "ಈ ಊರಾಗ ನನ್ನ ಮಕ್ಕಳಕಿಂತ ಚೊಲೊ ಉಂಡು ಬೆಳದದ್ದಂದ್ರ ಆ ಮಣ್ಣ ನೋಡು" ಎಂದು ಅವ್ವ ಗೊಣಗುತ್ತಿದ್ದಳು. ಗೊಣಗುತ್ತಲೇ ಮರುವಾರಕ್ಕೆ ಮತ್ತೆ ಮಜ್ಜಿಗೆ ಕಡೆಯುತ್ತಿದ್ದಳು.

ಅವ್ವನ ಹತ್ತಿರ ಒಂದು ಗಡಿಯಾರವಿತ್ತು. ಅದು ರೊಟ್ಟಿಯ ಗಡಿಯಾರ. ಹಿಟ್ಟು ನಾದಿ, ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟರಲ್ಲಿ ಗೋಡೆಯಾಚೆ ಒಬ್ಬ ನೆಟ್ಟಗಿನ ಮನುಷ್ಯ ಇಪ್ಪತ್ತು ದಂಡ ಹೊಡೆಯುತ್ತಾನೆ ಎನ್ನುವುದು ಅವಳ ಲೆಕ್ಕ. ಅವರೆಲ್ಲ ಬಾಯಿಬಿಟ್ಟು ಎಣಿಸುತ್ತಿದ್ದರು. ಒಂದು ರೊಟ್ಟಿಗೆ ಯಾರಾದರೂ ಐವತ್ತು ಎಣಿಸಿದರೆ ಅವ್ವ ಕೈ ನಿಲ್ಲಿಸದೆ, "ಇಂವ ಎಣಿಕಿ ನುಂಗಾಂವ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಆ ತೀರ್ಪನ್ನು ಪರೀಕ್ಷೆ ಮಾಡಬೇಕೆಂದು ನಾನು ಹನ್ನೊಂದನೆಯ ವಯಸ್ಸಿನಲ್ಲಿ ಗೋಡೆಯಾಚೆಯವರ ಎಣಿಕೆಗೆ ಸರಿಯಾಗಿ ಒಲೆಯ ಮುಂದೆ ಬಸ್ಕಿ ಹೊಡೆಯತೊಡಗಿದೆ. ಅವರು ನೂರು ಮುಟ್ಟಿದರು. ನಾನು ಮೂವತ್ತಕ್ಕೆ ಕೂತವಳು ಮತ್ತೆ ಏಳಲಿಲ್ಲ. ಎರಡು ದಿನ ಸಾಲಿಗೆ ಹೋಗುವಾಗ ಮುದುಕಿಯ ಹಾಗೆ ಸೊಂಟ ಹಿಡಿದುಕೊಂಡು ನಡೆದೆ. ಮಾಸ್ತರರು ಏನಾಯಿತೆಂದು ಕೇಳಿದಾಗ ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಸುಳ್ಳು ಹೇಳಿದೆ. ಅಂದರೆ ಎಣಿಕೆ ನುಂಗುವ ಗುಣ ನನ್ನಲ್ಲೂ ಇತ್ತು.

ಕಣ್ಣಿಗೆ ಕಾಣದ ಮನುಷ್ಯನನ್ನು ಕಿವಿಯಿಂದ ತಿಳಿಯುವ ಸುಖ ಬೇರೆಯೇ. ಒಬ್ಬನಿದ್ದ, ಬಂದು ಮೈಗೆ ಎಣ್ಣೆ ತಿಕ್ಕಲು ಕೂತರೆ ನಮ್ಮಲ್ಲಿ ನಾಲ್ಕು ರೊಟ್ಟಿ ಆಗುತ್ತಿದ್ದವು. ಪಟಪಟ, ಸರಸರ, ತೋಳಿಗೆ, ತೊಡೆಗೆ, ಬೆನ್ನಿಗೆ. ಐದನೆಯ ರೊಟ್ಟಿಗೆ ಅವನು, "ಇವತ್ತ ಯಾಕೋ ಮೈ ಸರಿ ಇಲ್ಲೋ" ಎಂದು ಎದ್ದು ಹೋಗುತ್ತಿದ್ದ. ಮುಂದೆ ಅವನೇ ಒಂದು ಮನೆ ಕಟ್ಟಲು ಕಲ್ಲು ತರಿಸಿ ರಾಶಿ ಹಾಕಿದ. ನನಗೆ ತಿಳಿದ ಮಟ್ಟಿಗೆ ಆ ರಾಶಿ ಈಗಲೂ ರಾಶಿಯಾಗಿಯೇ ಇದೆ. ಇನ್ನೊಬ್ಬನದು ಬರೀ ಉಪದೇಶ. ಮೊಣಕಾಲು ಹಿಂಗಿಡು, ಉಸಿರು ಹಂಗೆಳೆ. ಅವನ ಸ್ವಂತ ಉಸಿರು ಏರಿದ್ದನ್ನು ನಾವು ಒಮ್ಮೆಯೂ ಕೇಳಲಿಲ್ಲ. ಅಂಥವರು ಆಮೇಲೆ ಎಷ್ಟೋ ಮದುವೆ ಮನೆಗಳಲ್ಲಿ ಒಲೆಯ ಪಕ್ಕ ನಿಂತಿದ್ದನ್ನು ಕಂಡಿದ್ದೇನೆ.

ಆದರೆ ಎಲ್ಲರ ನಿಜವಾದ ಬಣ್ಣ ಬಯಲಾಗುವುದು ಅಪ್ಪ ಸ್ನಾನಕ್ಕೆ ಹೊಳೆಗೆ ಹೋದ ಮೇಲೆ. ಅಪ್ಪ ಇರುವವರೆಗೆ ಗೋಡೆಯಾಚೆ ಎಲ್ಲವೂ ಗುಡಿಯಲ್ಲಿದ್ದಂತೆ ಶಿಸ್ತು. ಅವನ ಕೋಲಿನ ಸಪ್ಪಳ ಓಣಿಯ ತಿರುವು ದಾಟಿತೋ ಇಲ್ಲವೋ, ಗರಡಿಮನೆಗೆ ಹೊಸ ಜೀವ ಬರುತ್ತಿತ್ತು. ಆಗ ನಮಗೆ ಚೆನ್ನಾಗಿ ಕೇಳುತ್ತಿದ್ದ ದನಿ ಘೋಡಗೇರಿಯ ಬಾಳಪ್ಪನದು. ಅವನು ಸೋದರತ್ತೆಯ ಮನೆಯಲ್ಲಿ ಉಳಿದು ತಾಲೀಮು ಮಾಡುತ್ತಿದ್ದ. ಎಲ್ಲರೂ ಅವನ ಹೆಸರು ಹಿಡಿದು ಕೂಗುತ್ತಿದ್ದರಿಂದ ನಮಗೂ ಹೆಸರು ಗೊತ್ತು. ಅವನ ಎಣಿಕೆ ಮೂವತ್ತೊಂಬತ್ತರಿಂದ ಸೀದಾ ಐವತ್ತಕ್ಕೆ ಜಿಗಿಯುತ್ತಿತ್ತು. ತಿರುವಿ ಮುಗಿಸಿದ ಕರೇಲಗಳನ್ನು ಗೋಡೆಗೆ ದಪ್ಪೆಂದು ಎಸೆಯುತ್ತಿದ್ದ. ಗೋಡೆ ಅದುರಿ ಮೇಲಿನ ಮಣ್ಣು ಉದುರಿ ನೇರವಾಗಿ ನಮ್ಮ ಹಿಟ್ಟಿಗೆ ಬೀಳುತ್ತಿತ್ತು. "ಬಿತ್ತಲ್ಲೋ ಹಿಟ್ಟಿನಾಗ ಮಣ್ಣ! ಕೈಯಾಗ ಜೀವ ಇಲ್ಲೇನ ನಿಮಗ?" ಎಂದು ಅವ್ವ ಗೋಡೆಗೆ ಮುಖ ಮಾಡಿ ಕೂಗುತ್ತಿದ್ದಳು. ಆಚೆಯಿಂದ ಒಂದು ನಗೆ ಬರುತ್ತಿತ್ತು, ಅಷ್ಟೇ.

ಎಲ್ಲರೂ ಹೋದ ಮೇಲೆ ಒಬ್ಬ ಉಳಿಯುತ್ತಿದ್ದ. ಅವನ ಹೆಸರು ಯಾರೂ ಕೂಗುತ್ತಿರಲಿಲ್ಲವಾದ್ದರಿಂದ ನಾನು ಅವನಿಗೆ ಕೊನೆಯವನು ಎಂದು ಹೆಸರಿಟ್ಟಿದ್ದೆ. ತುಳಿದು ಗಟ್ಟಿಯಾದ ಮಣ್ಣನ್ನು ಅವನೊಬ್ಬನೇ ಗುದ್ದಲಿಯಿಂದ ಸಡಿಲಿಸುತ್ತಿದ್ದ. ಗರಡಿಯ ದೇವರು ಹಣಮಪ್ಪನ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಆಮೇಲೆ ತನ್ನ ದಂಡ. ಸಣ್ಣ ದನಿಯಲ್ಲಿ ಎಣಿಸುತ್ತಿದ್ದ. ನಡುವೆ ಎಣಿಕೆ ತಪ್ಪಿದಂತೆ ಅನಿಸಿದರೆ, "ನಲವತ್ತೆರಡು... ಅಲ್ಲ, ನಲವತ್ತೊಂದು" ಎಂದು ಹಿಂದಕ್ಕೆ ಹೋಗುತ್ತಿದ್ದ. ಕೇಳುವವರು ಯಾರೂ ಇಲ್ಲದ ಮನೆಯಲ್ಲಿ ಒಬ್ಬ ಮನುಷ್ಯ ತನಗೆ ತಾನೇ ಒಂದು ಕಡಿಮೆ ಕೊಟ್ಟುಕೊಳ್ಳುವುದೆಂದರೇನು! ಕೊನೆಗೆ ಕರೇಲಗಳನ್ನು ಗೋಡೆಗೆ ಆನಿಸಿ ಇಡುತ್ತಿದ್ದ. ಇಟ್ಟನೆಂದು ತಿಳಿಯುತ್ತಿದ್ದದ್ದು ಅವನ ಹೆಜ್ಜೆ ಬಾಗಿಲ ಕಡೆ ತಿರುಗಿದಾಗಲೇ, ಏಕೆಂದರೆ ಇಟ್ಟ ಸಪ್ಪಳವೇ ಇರುತ್ತಿರಲಿಲ್ಲ. ಅದನ್ನು ಕೇಳಲೆಂದು ನನ್ನ ಕೈ ರೊಟ್ಟಿಯ ಮೇಲೆ ನಿಂತುಬಿಡುತ್ತಿತ್ತು. "ಕೈ ನಿಂತಿತ ನೋಡು! ಹಂಚಿನ ಮ್ಯಾಲಿಂದು ಸೀಯಾಕತ್ತೈತಿ" ಎಂದು ಅವ್ವ ತಿವಿಯುತ್ತಿದ್ದಳು.

ಹದಿನೇಳರ ಹುಡುಗಿ ಬರೀ ಸಪ್ಪಳವನ್ನು ಇಟ್ಟುಕೊಂಡು ಏನು ಮಾಡಿಯಾಳು? ಅದಕ್ಕೊಂದು ಮುಖ ಹುಡುಕಿದೆ. ನಮ್ಮ ಹಿತ್ತಲಿನ ಆಚೆ ಓಣಿಯಲ್ಲಿ ಪೈಲವಾನರು ಹೋಗುವಾಗ ಹಿತ್ತಲ ಬಾಗಿಲ ಸಂದಿಯಿಂದ ಇಬ್ಬರನ್ನು ಕಂಡಿದ್ದೆ. ಒಬ್ಬ ಎತ್ತರದ ಆಳು, ಗುಂಗುರು ಕೂದಲು, ತಿದ್ದಿದ ಮೀಸೆ, ನಡೆದರೆ ಓಣಿಯೇ ಅಗಲವಾದಂತೆ. ಇನ್ನೊಬ್ಬ ಗಿಡ್ಡ, ಕರಿಯ, ಕುತ್ತಿಗೆ ಇದೆಯೋ ಇಲ್ಲವೋ ಅನುಮಾನ, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿದ ಕಿವಿಗಳು ಎರಡು ಒಣ ಅಂಜೂರದ ಹಾಗೆ. ನಾನು ಕ್ಷಣವೂ ಯೋಚಿಸದೆ ಹಂಚಿಕೆ ಮಾಡಿಬಿಟ್ಟೆ. ಗುಂಗುರು ಕೂದಲಿನವನು ನನ್ನ ಕೊನೆಯವನು. ಅಂಜೂರ ಕಿವಿಯವನು ಎಣಿಕೆ ನುಂಗುವ ಬಾಳಪ್ಪ. ಇದರಲ್ಲಿ ಸಂಶಯಕ್ಕೆ ಎಡೆಯೇ ಕಾಣಲಿಲ್ಲ.

ಹೀಗಿರುವಾಗ ಅಪ್ಪ ಒಂದು ಮುಂಜಾನೆ ಊಟದ ತಟ್ಟೆಯ ಮುಂದೆ ಕೂತು, ನನ್ನನ್ನು ಬಾಳಪ್ಪನಿಗೆ ಕೊಡುವುದೆಂದು ಮಾತು ತೆಗೆದ.

"ನಾ ಒಲ್ಲೆ" ಎಂದೆ. ನಮ್ಮ ಮನೆಯಲ್ಲಿ ಆ ಮಾತನ್ನು ನನಗಿಂತ ಮೊದಲು ಯಾವ ಹುಡುಗಿಯೂ ಆಡಿರಲಿಲ್ಲ. ಅವ್ವನ ಕೈಯ ಸೌಟು ಅಲ್ಲೇ ನಿಂತಿತು.

"ಹುಡುಗ ಹುಕ್ಕೇರಿ ಕುಸ್ತಿಯಾಗ ಬೆಳ್ಳಿ ಕಡಗ ಗೆದ್ದಾನ. ಮನಿತನ ಚೊಲೊ ಐತಿ. ಇನ್ನೇನ ಬೇಕ ನಿನಗ?"

"ಆಂವ ಎಣಿಕಿ ನುಂಗತಾನಪ್ಪಾ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಕಣ್ಣು ಕೆಂಪಾದವು. "ನೀ ಯಾವಾಗ ನೋಡಿದಿ? ಗರಡಿಮನಿಗಿ ಕಾಲ ಇಟ್ಟಿಯೇನ?"

"ನೋಡಿಲ್ಲ. ಕೇಳೇನಿ. ಕರೇಲ ಒಗೀತಾನ. ಮಣ್ಣ ಹದಾ ಮಾಡೂದು ಒಂದಿನಾನೂ ಕೇಳಿಲ್ಲ."

"ಕೇಳಿ ಗಂಡನ್ನ ಆರಸ್ತಾರೇನ ಯಾರರ? ನನ್ನ ಕಣ್ಣ ಮುಂದ ಒಂದ ದಂಡ ಕಡಿಮಿ ಹೊಡದಿಲ್ಲ ಆಂವ!"

ಆಗ ಅವ್ವ ಸೌಟನ್ನು ಕೆಳಗಿಟ್ಟಳು. "ನಿಮ್ಮ ಕಣ್ಣ ಮುಂದ ಯಾಂವ ಕಡಿಮಿ ಹೊಡೀತಾನ್ರೀ? ನೀವು ಹೊಳಿಗಿ ಹೋದ ಮ್ಯಾಲಿನ ಗರಡಿಮನಿ ಬ್ಯಾರೆ ಐತಿ. ಒಂದ ದಿನ ಇಲ್ಲೇ ನನ್ನ ಬಾಜೂ ಕುಂತ ಕೇಳ್ರಿ. ಆಮ್ಯಾಲ ಬೇಕಾರ ನಾಳೇನ ಮದಿವಿ ಮಾಡಿ ಅಕ್ಕಿಕಾಳ ಹಾಕ್ರಿ."

ಅಪ್ಪ ಎದ್ದು ಹೋದ. ನಾನು ಆ ದಿನ ಉಣ್ಣಲಿಲ್ಲ. ಹೆದರಿಕೆಯಿಂದ ಉಣ್ಣಲಿಲ್ಲ ಎಂದು ಬರೆಯಬಹುದಿತ್ತು. ನಿಜವೆಂದರೆ ಹಟದಿಂದ ಉಣ್ಣಲಿಲ್ಲ, ಮತ್ತು ಅವ್ವ ಕೊಟ್ಟ ಬೆಲ್ಲ ಶೇಂಗಾವನ್ನು ಉಗ್ರಾಣದ ಮೂಲೆಯಲ್ಲಿ ಕೂತು ತಿಂದೆ.

ಮರುದಿನ ಅಪ್ಪ ಎಂದಿನಂತೆ ಪಾಠ ಹೇಳಿ, ಎಂದಿನಂತೆ ಕೆಮ್ಮಿ, ಕೋಲು ಊರುತ್ತ ಹೊಳೆಯ ದಾರಿ ಹಿಡಿದ. ತಿರುವಿನಲ್ಲಿ ಕೋಲು ಕಂಕುಳಿಗೇರಿಸಿ, ಹಿತ್ತಲ ಬಾಗಿಲಿನಿಂದ ಕಳ್ಳ ಹೆಜ್ಜೆಯಲ್ಲಿ ಅಡುಗೆಮನೆಗೆ ಬಂದು, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಜಾಗದಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನ ಗರಡಿಮನೆಯನ್ನು ಅವನಿಲ್ಲದಾಗ ಅವನು ಕೇಳಿದ್ದೂ ಅದೇ ಮೊದಲು.

ಮೊದಲು ಕೇಳಿಸಿದ್ದು ಅಪ್ಪನದೇ ಕೆಮ್ಮು. ಅಪ್ಪ ನಮ್ಮ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿದ್ದ, ಕೆಮ್ಮು ಮಾತ್ರ ಗೋಡೆಯಾಚೆಯಿಂದ ಬಂತು. ಹಿಂದೆಯೇ ಅಪ್ಪನದೇ ಧಾಟಿಯಲ್ಲಿ ಯಾವನೋ ಒಬ್ಬನ ಅಣಕ: "ಹಾಂ... ಬೆನ್ನ ನೆಟ್ಟಗ! ನಿಮ್ಮ ವಯಸ್ಸಿಗಿ ನಾ ಸಂಗ್ರಾಣಿ ಕಲ್ಲ ಹೊತ್ಕೊಂಡ ಗೋಕಾವಿಗಿ ಹೋಗಿ ಬರ್ತಿದ್ನಿ!" ಆಚೆ ಹತ್ತು ಗಂಟಲು ಒಟ್ಟಿಗೆ ನಕ್ಕವು. ಅಪ್ಪನ ಮುಖ ಹಂಚಿನಷ್ಟೇ ಕಾದಿತು. ಏನೋ ಗುಡುಗಲು ಬಾಯಿ ತೆರೆದ. ಅವ್ವ ತಡಮಾಡದೆ ಒಂದು ಬಿಸಿ ರೊಟ್ಟಿಯನ್ನು ಆ ಬಾಯಿಗೆ ಇಟ್ಟಳು. ಸೆರಗಿನ ಹಿಂದೆ ಅವಳ ಭುಜ ಕುಲುಕುತ್ತಿತ್ತು.

ಆಮೇಲೆ ಬಾಳಪ್ಪನ ಎಣಿಕೆ ಶುರುವಾಯಿತು. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು, ಐವತ್ತು. ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಕರೇಲ ಗೋಡೆಗೆ ಬಿದ್ದವು. ಮೇಲಿನಿಂದ ಮಣ್ಣು ಉದುರಿತು, ಅರ್ಧ ಹಿಟ್ಟಿಗೆ, ಅರ್ಧ ವಸ್ತಾದನ ತಲೆಯ ಪಟಕದ ಮೇಲೆ. ಅವ್ವ ಅಂದು ಕೂಗಲಿಲ್ಲ, ಗಂಡನ ಮುಖ ನೋಡಿದಳು. ಅಪ್ಪ ಪಟಕ ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. ನನಗೆ ಅವನ ಬಗ್ಗೆ ಆ ಗಳಿಗೆಯಲ್ಲಿ ಬಹಳ ಕೆಟ್ಟೆನಿಸಿತು.

ಎಲ್ಲರೂ ಹೋದರು. ಗುದ್ದಲಿಯ ಸಪ್ಪಳ ಬಂತು. ದೀಪಕ್ಕೆ ಎಣ್ಣೆ ಬಿತ್ತು. "ಅರವತ್ತು, ಅರವತ್ತೊಂದು... ಅಲ್ಲ, ಅರವತ್ತು." ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕರೇಲ ಇಟ್ಟ ಸಪ್ಪಳಕ್ಕೆ ನಾವು ಮೂವರೂ ಕಾದೆವು. ಬರಲಿಲ್ಲ. ಹೆಜ್ಜೆಗಳು ಬಾಗಿಲ ಕಡೆ ಹೋದವು.

"ಇಂವ ಧುಪದಾಳದಾಂವ" ಎಂದು ಅಪ್ಪ ಮೆಲ್ಲಗೆ ಹೇಳಿದ. "ಒಡ್ಡಿನ ಮ್ಯಾಲ ಕೆಲಸ, ಕಾಲುವಿ ಬಾಗಲಾ ಎತ್ತಿ ಇಳಸ್ತಾನ. ಮೂಡಲಗಿ ಕುಸ್ತಿಯಾಗ ಬಿದ್ದ. ಬಿದ್ದು ಎದ್ದು, ಗೆದ್ದಾಂವನ ಮೈಗಿ ಹತ್ತಿದ ಮಣ್ಣ ತಾನ ಒರಸಿದ. ನನಗ ಸಿಟ್ಟ ಬಂದಿತ್ತು ಆವತ್ತ." ನನ್ನ ಕಡೆ ನೋಡಿದ. "ಇಂವಗಾದ್ರ ಹೂಂ ಅಂತಿಯೇನ?"

ನಾನು ತಲೆ ತಗ್ಗಿಸಿದೆ. ಗುಂಗುರು ಕೂದಲು ಕಣ್ಣ ಮುಂದೆ ಹಾರಾಡಿತು. ಅಂದಿನ ನನ್ನ ರೊಟ್ಟಿಗಳೆಲ್ಲ ದುಂಡಗೆ ಬಂದವು.

ಹೆಣ್ಣು ನೋಡಲು ಬಂದ ದಿನ ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬಂದೆ. ಒಮ್ಮೆ ಮಾತ್ರ ಕಣ್ಣೆತ್ತಿದೆ. ಕಂಬಳಿಯ ಮೇಲೆ ಎರಡು ಒಣ ಅಂಜೂರ ಕೂತಿದ್ದವು. ನಡುವೆ ಒಂದು ಕರಿಯ ದುಂಡು ಮುಖ, ಕುತ್ತಿಗೆ ಇಲ್ಲ. ತಾಟು ಇಟ್ಟು ಒಳಗೆ ಓಡಿ ಬಂದು ಅವ್ವನನ್ನು ಹಿಡಿದುಕೊಂಡೆ. "ಇಂವ ಬಾಳಪ್ಪ ಅಲ್ಲೇನವ್ವಾ?"

"ನಿನಗೇನ ಹುಚ್ಚ ಹಿಡಿದೈತಿ? ಬಾಳಪ್ಪ ಎತ್ತರದಾಂವ, ಗುಂಗರ ಕೂದಲದಾಂವ. ಊರ ಹುಡುಗ್ಯಾರೆಲ್ಲ ನೋಡತಾರು."

ಹೀಗೆ ನನ್ನ ಹಂಚಿಕೆ ಉಲ್ಟಾ ಆಗಿತ್ತು. ಒಲ್ಲೆ ಎಂದು ಹಟ ಹಿಡಿದು ನೂಕಿದ್ದು ಗುಂಗುರು ಕೂದಲನ್ನು. ಬೇಡಿಕೊಂಡು ಕರೆಸಿದ್ದು ಅಂಜೂರ ಕಿವಿಯನ್ನು. ನನಗೆ ಅಳು ಬಂತು, ಅಳುವ ಹಕ್ಕೂ ಇರಲಿಲ್ಲ. ಕಿವಿಯನ್ನು ನಂಬಿ ಹಟ ಹಿಡಿದು, ಅಪ್ಪ ಒಲೆಯ ಮುಂದೆ ಕೂರುವಂತೆ ಮಾಡಿದವಳು ನಾನೇ. ಅಪ್ಪ ಒಳಗೆ ಬಂದು ನನ್ನ ಮುಖ ನೋಡಿದ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಈಗೂ ಬ್ಯಾಡಂದ್ರ ಬ್ಯಾಡ ಮಗಳ. ನಾ ಹೋಗಿ ಹೇಳತೇನಿ. ನಿನ್ನ ಬಾಳೇವು ಇದು, ನನ್ನ ಮಾನ ಅಲ್ಲ" ಎಂದ. ಮೊನ್ನೆ ಕಣ್ಣು ಕೆಂಪು ಮಾಡಿದ್ದವನ ಬಾಯಲ್ಲೇ ಆ ಮಾತು ಬಂತು.

ಪಡಸಾಲೆಯಲ್ಲಿ ಅವರಿಗೆ ಚಹಾ ಕೊಟ್ಟಿದ್ದರು. ಹಿರಿಯರು ಒಬ್ಬೊಬ್ಬರೇ ಕುಡಿದು ಹಿತ್ತಾಳೆಯ ಲೋಟಗಳನ್ನು ಕಲ್ಲುನೆಲಕ್ಕೆ ಇಡುತ್ತಿದ್ದರು. ಠಣ್. ಠಣ್. ಠಣ್. ನಾನು ಬಾಗಿಲ ಹಿಂದೆ ನಿಂತು, ನನಗೇ ಗೊತ್ತಿಲ್ಲದೆ ಎಣಿಸುತ್ತಿದ್ದೆ. ಕೊಟ್ಟದ್ದು ನಾಲ್ಕು ಲೋಟ. ನಾಲ್ಕನೆಯದು ಬರಲಿಲ್ಲ. ಇನ್ನೂ ಕುಡಿಯುತ್ತಿದ್ದಾರೇನೋ ಎಂದು ಸಂದಿಯಿಂದ ನೋಡಿದೆ. ಲೋಟ ನೆಲದ ಮೇಲೆ ಇತ್ತು.

"ಹೂಂ ಅಂತ ಹೇಳಪ್ಪಾ" ಎಂದೆ.

ಗಂಡನಾದ ಮೇಲೆ ಅವರ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ. ಬರೆಯಲು ಕೂತರೂ ಕೈ ತಡೆಯುತ್ತದೆ, ಅದಕ್ಕೇ ಈ ಕಥೆಯಲ್ಲಿ ಅವರಿಗೆ ಹೆಸರಿಲ್ಲ. ಮದುವೆಯಲ್ಲಿ ಅಪ್ಪ ಅಳಿಯನಿಗೆ ಒಂದೇ ಕರೇಲ ಕೊಟ್ಟ. ಜೋಡಿ ಕೊಟ್ಟರೆ ಮಗಳನ್ನು ಮರೆತು ಅದನ್ನೇ ತಿರುವುತ್ತ ಕೂರುತ್ತಾನೆ ಎಂದು ಎಲ್ಲರೆದುರು ಹೇಳಿ ನಗಿಸಿದ. ಬಾಳಪ್ಪ ಆ ಮದುವೆಯಲ್ಲಿ ನೂರು ಜನಕ್ಕೆ ಓಡಾಡಿ ಬಡಿಸಿದ, ಅರ್ಧವನ್ನು ನೆಲಕ್ಕೆ ಚೆಲ್ಲಿದ. ಕೆಟ್ಟವನಲ್ಲ ಅವನು. ಮುಂದೆ ಅವನಿಗೆ ಅವನಷ್ಟೇ ಸಪ್ಪಳದ ಹೆಂಡತಿ ಸಿಕ್ಕಳು, ಇಬ್ಬರೂ ಸುಖವಾಗಿದ್ದಾರೆ. ಅಪ್ಪನೂ ಒಂದು ಹೊಸ ರೂಢಿ ಹಾಕಿಕೊಂಡ. ವಾರಕ್ಕೊಂದು ದಿನ ಹೊಳೆಗೆ ಹೋಗುವ ಬದಲು ಅವ್ವನ ಬಾಜೂ ಕೂತು ಬಿಸಿ ರೊಟ್ಟಿ ತಿನ್ನತೊಡಗಿದ. ಯಾವ ದಿನ ಎಂದು ಹುಡುಗರಿಗೆ ಗೊತ್ತಾಗದ ಕಾರಣ ನಮ್ಮ ಗರಡಿಯ ಎಣಿಕೆ ಏಳೂ ದಿನ ನೆಟ್ಟಗಾಯಿತಂತೆ.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬಹಳ ಜಾಣೆ ಎಂದಾಗುತ್ತಿತ್ತು. ಮದುವೆಯಾಗಿ ವರ್ಷದ ಮೇಲೆ ಒಂದು ದಿನ ಧುಪದಾಳದ ಈ ಮನೆಯ ಕಟ್ಟೆಯಲ್ಲಿ ಕೂತು, ನನ್ನ ಜಾಣತನವನ್ನೆಲ್ಲ ಅವರ ಮುಂದೆ ಹರವಿದೆ. ಯಾರೂ ಕೇಳದಾಗಲೂ ನೀವು ಕರೇಲವನ್ನು ಮೆಲ್ಲಗೆ ಇಡುತ್ತಿದ್ದಿರಿ, ಅದಕ್ಕೇ ನಿಮ್ಮನ್ನು ಆರಿಸಿದೆ ಎಂದೆ. ಅವರು ಕಿವಿ ಕೆರೆದುಕೊಂಡರು.

"ಯಾರೂ ಕೇಳೂದಿಲ್ಲ ಅಂತ ನಿನಗ ಯಾರ ಹೇಳಿದ್ರು?"

"ಅಂದ್ರ?"

"ಹಿಟ್ಟಿನಾಗ ಮಣ್ಣ ಬಿತ್ತು ಅಂತ ನಿಮ್ಮವ್ವ ಒದರೂದು ನನಗೂ ಕೇಳತಿತ್ತಲ್ಲ. ಮಂದಿ ಉಣ್ಣೂ ಹಿಟ್ಟ ಅದು. ಅದಕ್ಕ ಮೆತ್ತಗ ಇಡತಿದ್ನಿ." ನೆಲ ನೋಡುತ್ತ ಹೇಳಿದರು: "ಆಮ್ಯಾಲ... ಆಚಿ ಕಡೆ ಎರಡ ಕೈ ರೊಟ್ಟಿ ಬಡೀತಿದ್ವು. ಒಂದು ಒಂದ ಸಮ ಬಡೀತಿತ್ತು. ಇನ್ನೊಂದು ನಾ ಕರೇಲ ಇಡೂ ಹೊತ್ತಿಗಿ ನಿಂತಬಿಡತಿತ್ತು. ಯಾರೋ ಕೇಳಾಕತ್ತಾರು ಅಂತ ಗೊತ್ತಾತು. ಮತ್ತಷ್ಟ ಮೆತ್ತಗ ಇಟ್ನಿ."

ನಾನು ಕಿವಿಯಿಂದ ಗಂಡನನ್ನು ಪರೀಕ್ಷಿಸಿದೆ ಎಂದು ವರ್ಷವಿಡೀ ಬೀಗಿದ್ದೆ. ಗೋಡೆಗೆ ಎರಡು ಕಡೆ ಇರುತ್ತದೆ ಎನ್ನುವುದೇ ನನಗೆ ಹೊಳೆದಿರಲಿಲ್ಲ. ಜೊತೆಗೆ ಒಂದು ಹುಳ ತಲೆ ಹೊಕ್ಕಿತು. ಹಾಗಾದರೆ ಆ ಮೆತ್ತಗಿನ ಕೈ ಇವರ ಗುಣವೋ, ನಾನು ಕೇಳುತ್ತಿದ್ದೇನೆ ಎನ್ನುವ ಎಚ್ಚರವೋ?

ಇಪ್ಪತ್ತು ವರ್ಷದಿಂದ ಆ ಪರೀಕ್ಷೆ ನಡೆದಿದೆ. ನಾನು ಮಲಗಿದಂತೆ ಮಾಡಿ ಕೇಳಿದ್ದೇನೆ, ಹಿತ್ತಲಿಗೆ ಹೋದಂತೆ ಮಾಡಿ ಕೇಳಿದ್ದೇನೆ. ಜಗಳವಾಡಿದ ದಿನವೂ ಅವರು ಕೊಡ ಇಟ್ಟ ಸಪ್ಪಳ ಬರುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು, "ನಂದ ತಪ್ಪಿರಬೇಕ ಬಿಡು" ಎಂದು ಎಣಿಕೆಯಲ್ಲಿ ಒಂದು ಹಿಂದಕ್ಕೆ ಹೋಗುತ್ತಾರೆ. ಒಂದು ಸಲವಾದರೂ ಏನಾದರೂ ಎತ್ತಿ ಒಗೆಯಬಾರದೇ ಎಂದು ನನಗೇ ಅನಿಸಿದ್ದುಂಟು.

ಇವತ್ತು ಮುಂಜಾನೆಯೂ ಹಾಗೇ. ಹೊಳೆಯ ಗಾಳಿ ಎದ್ದಿತ್ತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವರು ಒಡ್ಡಿನ ಕೆಲಸದಿಂದ ಬಂದು, ಬಡಿದುಕೊಳ್ಳಲು ಹೊರಟ ಬಾಗಿಲನ್ನು ಹಿಡಿದು, ಕರೇಲವನ್ನು ಎತ್ತಿದರು. ಎತ್ತಿದ್ದು ತಿಳಿಯಿತು. ಇಡುವುದನ್ನು ಕೇಳಲು ಕಿವಿ ಕೊಟ್ಟೆ. ಏನೂ ಬರಲಿಲ್ಲ. ಇನ್ನೂ ಕೈಯಲ್ಲೇ ಇದೆಯೋ, ಇಟ್ಟಾಯಿತೋ?

"ಕೈ ನಿಂತಿತ ನೋಡು" ಎಂದರು ನಡುಮನೆಯಿಂದ. "ಇಟ್ಟು ಆತು. ಹಂಚಿನ ಮ್ಯಾಲಿಂದು ಸೀಯಾಕತ್ತೈತಿ."